ಜೂನ್ ಒಂದರಂದು ಹುಟ್ಟಿದ ನಮ್ಮ ಆಟಗಾರರು

ಮಗ್ರಿಬ್ ಕಳೆದು ಮದ್ರಸ ಶುರುವಾಗುವ ಹೊತ್ತಿಗೆ ಕ್ರಿಕೆಟ್ ಕಿಟ್ ಹೆಗಲಿಗೇರಿಸಿಕೊಂಡೇ ಓಡಿ ಬರುವ ಹುಡುಗನೊಬ್ಬ ನಮ್ಮಲ್ಲಿದ್ದಾನೆ. ತಂದೆಗೆ ವಿಜಯನಗರದಲ್ಲಿ ಬೇಕರಿ, ಊರು ಬಂಟ್ವಾಳದ ಕಡೆ. ಕಳೆದ ವರ್ಷ 16 ವರ್ಷದೊಳಗಿನವರ ಆಯ್ಕೆಗೆಂದು ಹೋದವ ಬ್ಯಾಟ್ ಮುಟ್ಟದೆಯೇ ವಾಪಸ್ ಬಂದ. ಜನನ ಪ್ರಮಾಣಪತ್ರದಲ್ಲಿ ಒಂದು ತಾರೀಕು, ಶಾಲೆಯ ದಾಖಲೆಯಲ್ಲಿ ಜೂನ್ 1. ಎರಡಕ್ಕೂ 14 ತಿಂಗಳ ಅಂತರ. "ಇದರಲ್ಲಿ ಯಾವುದಪ್ಪಾ ನಿಜ?" ಎಂದು ಕೇಳಿದರಂತೆ. ಹುಡುಗನಿಗೆ ಉತ್ತರ ಗೊತ್ತಿರಲಿಲ್ಲ. ತಂದೆಗೂ ಗೊತ್ತಿರಲಿಲ್ಲ. ಉಮ್ಮನಿಗೆ ಮಾತ್ರ ಗೊತ್ತಿತ್ತು: ರಮಝಾನಿನ ಮೂರನೇ ನೋಂಬಿನ ದಿನ.

ನಮ್ಮ ಮನೆಗಳಲ್ಲಿ ಇದು ಹೊಸತಲ್ಲ. ಶಾಲೆಗೆ ಸೇರಿಸುವಾಗ ಹೆಡ್ಮಾಸ್ಟರು ಬರೆದದ್ದೇ ಜನ್ಮದಿನ. ನನ್ನದೂ ಜೂನ್ 1, ನನ್ನ ಅಣ್ಣನದೂ ಜೂನ್ 1. ಹಿಜರಿ ಲೆಕ್ಕದ ಗೊಂದಲ ಬೇರೆ. ಹಿಜರಿ ವರ್ಷಕ್ಕೆ 354 ದಿನ, ಇಂಗ್ಲಿಷ್ ವರ್ಷಕ್ಕಿಂತ ಸುಮಾರು 11 ದಿನ ಕಡಿಮೆ. ಹಾಗಾಗಿ ತಾಯಿಯ ಲೆಕ್ಕದಲ್ಲಿ 16 ತುಂಬಿದ ಮಗನಿಗೆ ಸರಕಾರದ ಲೆಕ್ಕದಲ್ಲಿ ಇನ್ನೂ ಹತ್ತಿರ ಹತ್ತಿರ ಆರು ತಿಂಗಳು ಬಾಕಿ ಇರುತ್ತದೆ. ಹಿಂದೆ ಇದರಿಂದ ಯಾರಿಗೂ ತೊಂದರೆಯಾಗಿರಲಿಲ್ಲ. ಈಗ ಮಕ್ಕಳು ಆಟಕ್ಕೆ ಇಳಿದಿದ್ದಾರೆ. ಅಲ್ಲಿ ಒಂದೊಂದು ತಿಂಗಳಿಗೂ ಬೆಲೆ ಇದೆ.

ಕ್ರಿಕೆಟ್ ಮಂಡಳಿ, ಅಂದರೆ ಬಿಸಿಸಿಐ, 16ರೊಳಗಿನ ಹುಡುಗರಿಗೆ ಮೂಳೆ ಪರೀಕ್ಷೆ ಮಾಡಿಸುತ್ತದೆ. ಟಿಡಬ್ಲ್ಯು3 ಅಂತ ಅದರ ಹೆಸರು. ಎಡಗೈ ಮತ್ತು ಮಣಿಕಟ್ಟಿನ ಎಕ್ಸ್‌ರೇ ತೆಗೆದು, ಮೂಳೆಗಳು ಎಷ್ಟು ಬಲಿತಿವೆ ಎಂದು ನೋಡಿ ವಯಸ್ಸು ಅಂದಾಜು ಮಾಡುತ್ತಾರೆ. ಇದು ಅಂದಾಜೇ ಹೊರತು ಗಡಿಯಾರವಲ್ಲ. ಒಂದೇ ದಿನ ಹುಟ್ಟಿದ ಇಬ್ಬರು ಹುಡುಗರ ಮೂಳೆ ಒಂದೇ ರೀತಿ ಬೆಳೆದಿರುವುದಿಲ್ಲ. ಮೊದಲು, ಒಂದು ವರ್ಷದ ಫಲಿತಾಂಶಕ್ಕೆ ಸುಮ್ಮನೆ ಒಂದು ಕೂಡಿಸಿ ಮರುವರ್ಷದ ವಯಸ್ಸು ಎನ್ನುತ್ತಿದ್ದರು. ಆ ಲೆಕ್ಕದಿಂದ ಕೆಲವು ಮಕ್ಕಳಿಗೆ ಅನ್ಯಾಯವಾಗುತ್ತದೆಂದು 2025ರಲ್ಲಿ ಎರಡನೇ ಸಲ ಪರೀಕ್ಷೆಗೆ ಅವಕಾಶ ಮಾಡಿದರು. ಒಳ್ಳೆಯದೇ ಆಯಿತು.

ನಮ್ಮವರು ಗಮನಿಸಬೇಕಾದ ನಿಯಮ ಇನ್ನೊಂದಿದೆ. 2020ರಲ್ಲಿ ಮಂಡಳಿ ತಂದದ್ದು: ಮಗು ಹುಟ್ಟಿ ಎರಡು ವರ್ಷ ಕಳೆದ ಮೇಲೆ ಜನನ ನೋಂದಣಿ ಆಗಿದ್ದರೆ, ಆ ಆಟಗಾರ 19ರೊಳಗಿನವರ ವಿಭಾಗದಲ್ಲಿ ಆಡಬಹುದಾದ ವರ್ಷಗಳಿಗೇ ಮಿತಿ. ಅಂದರೆ ಸುಳ್ಳು ಹೇಳದಿದ್ದರೂ, ಬರೀ ತಡ ಮಾಡಿದ್ದಕ್ಕೆ ಮಗ ದಂಡ ಕಟ್ಟಬೇಕು! ನಮ್ಮ ಹುಡುಗನ ನೋಂದಣಿ ಆದದ್ದು ಮೂರು ವರ್ಷದ ನಂತರ.

ಬೇಕೆಂದೇ ತಿದ್ದುವವರ ಕಥೆ ಬೇರೆ. ಆರ್‌ಸಿಬಿ 6 ಕೋಟಿ ರೂಪಾಯಿಗೆ ತೆಗೆದುಕೊಂಡ ಕಾಶ್ಮೀರದ ರಸಿಖ್ ಸಲಾಂ ನೆನಪಿದೆಯಲ್ಲ? 2019ರಲ್ಲಿ ಆತ ಕೊಟ್ಟ ಜನನ ಪತ್ರಕ್ಕೂ ಶಾಲಾ ಮಂಡಳಿಯ ದಾಖಲೆಗೂ ತಾಳೆಯಾಗಲಿಲ್ಲ. ಎರಡು ವರ್ಷ ನಿಷೇಧ. ಆಗಷ್ಟೇ ಮುಂಬೈ ಇಂಡಿಯನ್ಸ್ ಪರ ಐಪಿಎಲ್‌ಗೆ ಕಾಲಿಟ್ಟಿದ್ದ. ಮತ್ತೆ ಎದ್ದು ಬಂದ, ಮಾಶಾ ಅಲ್ಲಾಹ್, ಆದರೆ ಎಲ್ಲರಿಗೂ ಹಾಗೆ ಎದ್ದು ಬರಲು ಆಗುವುದಿಲ್ಲ. ಶಾಹಿದ್ ಅಫ್ರಿದಿಯದ್ದು ತಮಾಷೆ. 1996ರಲ್ಲಿ 37 ಎಸೆತಕ್ಕೆ ಶತಕ ಹೊಡೆದಾಗ ವಯಸ್ಸು 16 ಎಂದು ಜಗತ್ತೇ ಕೊಂಡಾಡಿತು. 2019ರ ಆತ್ಮಕಥೆಯಲ್ಲಿ ಆಗ ತನಗೆ 19 ಎಂದರು, ಹುಟ್ಟಿದ್ದು 1975 ಎಂದೂ ಬರೆದರು. ಕೂಡಿಸಿ ನೋಡಿದರೆ 21 ಆಗುತ್ತದೆ.

ನಮ್ಮ ಬೆಂಗಳೂರಿನ ರಾಹುಲ್ ದ್ರಾವಿಡ್ 2015ರ ಪಟೌಡಿ ಉಪನ್ಯಾಸದಲ್ಲಿ ಈ ಬಗ್ಗೆ ಗಟ್ಟಿಯಾಗಿಯೇ ಮಾತಾಡಿದ್ದರು. ತಂದೆ ಮತ್ತು ಕೋಚ್ ಸೇರಿ ಮೋಸ ಮಾಡುವುದನ್ನು ನೋಡಿ ಬೆಳೆದ ಹುಡುಗ ಮುಂದೆ ಏನಾಗುತ್ತಾನೆ ಎಂಬುದೇ ಅವರ ಪ್ರಶ್ನೆ. ಮರುವರ್ಷ ಮಂಡಳಿ, ಒಬ್ಬ ಆಟಗಾರನಿಗೆ 19ರೊಳಗಿನ ವಿಶ್ವಕಪ್ ಒಂದೇ ಸಲ ಎಂದು ನಿಯಮ ಮಾಡಿತು.

ಆರೋಪ ಸುಳ್ಳಾದರೂ ಸುಮ್ಮನೆ ಹೋಗುವುದಿಲ್ಲ. ಬೆಂಗಳೂರಿನಲ್ಲೇ ಪಳಗಿದ ಬ್ಯಾಡ್ಮಿಂಟನ್ ಆಟಗಾರ ಲಕ್ಷ್ಯ ಸೇನ್ ವಯಸ್ಸು ತಿದ್ದಿದ್ದಾರೆಂದು 2022ರ ಡಿಸೆಂಬರಿನಲ್ಲಿ ಇಲ್ಲಿ ಎಫ್‌ಐಆರ್ ದಾಖಲಾಯಿತು. ತಂದೆ, ತಾಯಿ, ಅಣ್ಣ, ಕೋಚ್ ಎಲ್ಲರ ಹೆಸರೂ ಅದರಲ್ಲಿ. 2025ರ ಫೆಬ್ರವರಿಯಲ್ಲಿ ಹೈಕೋರ್ಟ್ ಕೇಸು ರದ್ದು ಮಾಡಲು ಒಪ್ಪಲಿಲ್ಲ. ಜುಲೈ 28ರಂದು ಸುಪ್ರೀಂ ಕೋರ್ಟ್ ರದ್ದು ಮಾಡಿತು. ನಡುವೆ ಆತ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಆಡಿ ನಾಲ್ಕನೆಯವನಾಗಿ ಬಂದ. ತಲೆಯ ಮೇಲೆ ಕೇಸು ಇಟ್ಟುಕೊಂಡೇ.

ಕಾಲೇಜಿಗೆ ಹೋದರೆ ವಯಸ್ಸಿನ ಗಲಾಟೆ ಮುಗಿಯಿತೆಂದು ತಿಳಿಯಬೇಡಿ. ಜ್ಞಾನಭಾರತಿ ಕಡೆ ಓಡುವ, ಫುಟ್ಬಾಲ್ ಆಡುವ ಕೆಂಗೇರಿಯ ನಮ್ಮ ಹುಡುಗರು ಅಂತರ ವಿಶ್ವವಿದ್ಯಾಲಯ ಕೂಟಕ್ಕೆ ಹೋಗಬೇಕಾದರೆ ಜುಲೈ 1ಕ್ಕೆ 17ಕ್ಕಿಂತ ಕಡಿಮೆ ಇರಬಾರದು, 25 ದಾಟಿರಬಾರದು. ಪಿಯುಸಿ ಮುಗಿಸಿ ಮೂರು ನಾಲ್ಕು ವರ್ಷ ಗಲ್ಫಿಗೆ ಹೋಗಿ ಬಂದು ಮತ್ತೆ ಡಿಗ್ರಿಗೆ ಸೇರುವವರು ಈ ಲೆಕ್ಕ ಮೊದಲೇ ಹಾಕಿಕೊಳ್ಳಬೇಕು.

ದಾಖಲೆ ಸರಿಪಡಿಸುವವರಿಗೆ ಒಂದೆರಡು ಮಾತು. ಮಗು ಹುಟ್ಟಿ 21 ದಿನದೊಳಗೆ ನೋಂದಣಿ ಮಾಡಿಸಿದರೆ ತಡದ ಶುಲ್ಕವಿಲ್ಲ. ವರ್ಷ ದಾಟಿದರೆ ಮ್ಯಾಜಿಸ್ಟ್ರೇಟರ ಆದೇಶ ಬೇಕು. 2023ರ ಅಕ್ಟೋಬರ್ 1ರ ನಂತರ ಹುಟ್ಟಿದವರಿಗೆ ಶಾಲೆಗೂ ಆಧಾರ್‌ಗೂ ಜನನ ಪತ್ರವೇ ಆಧಾರ. ಅದಕ್ಕೂ ಮೊದಲು ಹುಟ್ಟಿದ ಮಕ್ಕಳ ಶಾಲಾ ದಾಖಲೆಯನ್ನು ಎಸ್ಸೆಸ್ಸೆಲ್ಸಿಗೆ ಮೊದಲೇ ತಾಳೆ ನೋಡಿಬಿಡಿ. ಅಂಕಪಟ್ಟಿಯಲ್ಲಿ ಅಚ್ಚಾದ ಮೇಲೆ ತಿದ್ದಲು ಕೋರ್ಟಿನ ಮೆಟ್ಟಿಲೂ ಹತ್ತಬೇಕಾಗಬಹುದು.

ಬೇಕರಿಯವರು ಎರಡು ಸಲ ಬಂಟ್ವಾಳಕ್ಕೆ ಹೋಗಿ ಬಂದರು. ಶಾಲೆಯಲ್ಲಿ ಜೂನ್ 1 ಅಳಿಸಿ ನಿಜವಾದ ತಾರೀಕು ಹಾಕಿಸಿದ್ದಾರೆ. ಆ ತಾರೀಕಿನ ಪ್ರಕಾರ ಹುಡುಗನಿಗೆ ಈಗ 16 ದಾಟಿದೆ. ಮೊನ್ನೆ ಸಬಕ್ ಒಪ್ಪಿಸಿ ಹೋಗುವಾಗ ಕೇಳಿದ, "ಉಸ್ತಾದ್, 19ರದ್ದು ಸೆಲೆಕ್ಷನ್ ಯಾವಾಗ?"