ಕ್ಯಾಮೆರಾ ಮಕ್ಕಳ ಕೈಗೆ ಸಿಕ್ಕಾಗ

ಶಾಲೆಯಲ್ಲಿ ನಿಮ್ಮ ಮಗಳಿಗೆ ಯಾವ ಜಾಗ ಕಂಡ್ರೆ ಭಯ?
ಯಾವತ್ತಾದ್ರೂ ಕೇಳಿದೀರಾ?

ಸುಮಾರು 20 ವರ್ಷದ ಹಿಂದೆ.
ಆಫ್ರಿಕಾದ ಸ್ವಾಜಿಲ್ಯಾಂಡ್, ಈಗಿನ ಎಸ್ವಾಟಿನಿ.
ಸಂಶೋಧಕಿ ಕ್ಲಾಡಿಯಾ ಮಿಚೆಲ್ ಮತ್ತು ಜೊತೆಯವರು
ಶಾಲಾಮಕ್ಕಳ ಕೈಗೆ ಕ್ಯಾಮೆರಾ ಕೊಟ್ರು.
ಧೈರ್ಯ ಅನ್ಸೋ ಜಾಗ, ಭಯ ಅನ್ಸೋ ಜಾಗ,
ಎರಡರ ಫೋಟೋನೂ ತೆಗೀರಿ ಅಂದ್ರು.

ರೀಲ್ ತೊಳೆಸಿ ನೋಡಿದ್ರೆ,
ಮತ್ತೆ ಮತ್ತೆ ಅದೇ ಜಾಗ.
ಶೌಚಾಲಯ.
ಅಲ್ಲಿ ಅತ್ಯಾಚಾರ ಆಗಬಹುದು ಅನ್ನೋ ಭಯ ಹುಡುಗಿಯರಿಗೆ!

ಹಿಂಸೆ ಆಯ್ತಾ ಅಂತ ನೇರವಾಗಿ ಕೇಳಿದ್ರೆ
ಎಷ್ಟೋ ಮಕ್ಕಳು ಬಾಯಿ ಬಿಡಲ್ಲ.
ಹೊಟ್ಟೆನೋವು ಬಂದ ಮಗು ಕಾಯಿಲೆ ಹೆಸರು ಹೇಳುತ್ತಾ?
ಎಲ್ಲಿ ನೋವು ಅಂದ್ರೆ, ಬೆರಳಿಟ್ಟು ತೋರಿಸುತ್ತೆ.

ಇದಕ್ಕೆ ಕ್ಯಾಮೆರಾನೇ ಬೇಕಂತಿಲ್ಲ.
ಒಂದು ಹಾಳೆ, ಶಾಲೆಯ ನಕ್ಷೆ.
ಭಯದ ಜಾಗಕ್ಕೆ ಕೆಂಪು ಬಣ್ಣ.
ಹೆಸರು ಬರೆಯೋದು ಬೇಡ.
ಹುಡುಗರೂ ಹಚ್ಚಲಿ.
ಅವರ ಮೇಲೂ ದೌರ್ಜನ್ಯ ಆಗುತ್ತೆ, ನಾವು ಕೇಳೋದೇ ಅಪರೂಪ.

ಕೆಂಪು ಬಿದ್ದ ಕಡೆ ಚಿಲಕ ಹಾಕಿಸಿ, ದೀಪ ಹಾಕಿಸಿ.
ಮೇಷ್ಟ್ರ ಕೊಠಡಿಗೇ ಕೆಂಪು ಬಿದ್ರೆ?
ಚಿಲಕ ಸಾಲದು.
ಮಕ್ಕಳ ಜೊತೆ ಕೂತು, ಅವರು ಹೇಳೋದನ್ನ ಸಮಾಧಾನವಾಗಿ ಕೇಳಿ. ನಂಬಿ.
ಲೈಂಗಿಕ ದೌರ್ಜನ್ಯ ಅಂತ ಗೊತ್ತಾದ್ರೆ ಪೊಲೀಸರಿಗೆ ತಿಳಿಸಲೇಬೇಕು.
2012ರ ಪೋಕ್ಸೊ ಕಾಯ್ದೆ ಹೇಳೋದು ಇದನ್ನೇ.
ಶಾಲೆಯ ಮರ್ಯಾದೆ ಅಂತ ಮುಚ್ಚಿಟ್ರೆ, ಅದೂ ಅಪರಾಧ.

ಮಕ್ಕಳ ಸಹಾಯವಾಣಿ, 1098.
ಮಕ್ಕಳೇ ನೇರವಾಗಿ ಫೋನ್ ಮಾಡಬಹುದು.