ರಸೆಲ್ ಮಾರ್ಕೆಟ್: ಚೌಕದಿಂದ ಒಳಕ್ಕೆ

ಶಿವಾಜಿನಗರ ಬಸ್ ನಿಲ್ದಾಣದಿಂದ ಇಲ್ಲಿಗೆ ನಡೆದೇ ಬರುವುದು ಒಳ್ಳೆಯದು. ಚೌಕಕ್ಕೆ ಕಾಲಿಟ್ಟರೆ ಒಂದು ಕಡೆ ಸೇಂಟ್ ಮೇರೀಸ್ ಬೆಸಿಲಿಕಾದ ಎತ್ತರದ ಗೋಪುರ, ಇನ್ನೊಂದು ಕಡೆ ರಸೆಲ್ ಮಾರ್ಕೆಟ್ಟಿನ ಕಮಾನುಗಳು. ಕಟ್ಟಡ 1927ರದು. 1933ರಲ್ಲಿ ಉದ್ಘಾಟಿಸಿದವರು ದಂಡಿನ (ಕಂಟೋನ್ಮೆಂಟಿನ) ದೊಡ್ಡ ವ್ಯಾಪಾರಿ ಹಾಜಿ ಸರ್ ಇಸ್ಮಾಯಿಲ್ ಸೇಠ್. ಶಿವಾಜಿನಗರದ ಘೋಷಾ ಆಸ್ಪತ್ರೆಗೂ ಅವರದೇ ಹೆಸರು. ಮಾರ್ಕೆಟ್ಟಿಗೆ ಮಾತ್ರ ಮುನ್ಸಿಪಲ್ ಕಮಿಷನರ್ ಆಗಿದ್ದ ಟಿ.ಬಿ. ರಸೆಲ್ ಹೆಸರು ಬಂತು.

ಆಗ ಬೆಂಗಳೂರು ಒಂದೇ ಊರಾಗಿರಲಿಲ್ಲ. ಪೇಟೆ ಮೈಸೂರು ಅರಸರದು, ದಂಡು ಬ್ರಿಟಿಷರದು, ಎರಡಕ್ಕೂ ಬೇರೆ ಬೇರೆ ಮುನ್ಸಿಪಾಲಿಟಿ. ಪೇಟೆಯವರ ಕೆ.ಆರ್. ಮಾರ್ಕೆಟ್ ಕಟ್ಟಡ ಎದ್ದದ್ದೂ ಅದೇ ಇಪ್ಪತ್ತರ ದಶಕದಲ್ಲಿ. ಎರಡು ಆಡಳಿತಗಳು ಸೇರಿ ಒಂದು ಕಾರ್ಪೊರೇಷನ್ ಆದದ್ದು 1949ರಲ್ಲಿ.

ಕಮಾನು ದಾಟಿದ ಮೇಲೆ ತಲೆಯೆತ್ತಿ ನೋಡಬೇಕು. ಸೂರು ಬಹಳ ಎತ್ತರ. ಕೆಳಗಿನ ಶೆಖೆ ಮೇಲಕ್ಕೇರಿ ಹೋಗಲು ಜಾಗವಿದೆ. ಬಾಳೆಗೊನೆ, ಸೀಬೆ, ಬಟರ್ ಫ್ರೂಟ್, ಈಗೀಗ ಡ್ರ್ಯಾಗನ್ ಫ್ರೂಟ್. ಹಣ್ಣಿನಂಗಡಿಯವರೊಬ್ಬರು ಸೇಬನ್ನು ಬಟ್ಟೆಯಲ್ಲಿ ಒರೆಸಿ, ಕೆಂಪು ಮೈ ಗಿರಾಕಿಯ ಕಡೆ ಬರುವಂತೆ ತಿರುಗಿಸಿ, ಸಾಲಿನ ಮೇಲೆ ಸಾಲು ಜೋಡಿಸುತ್ತಿದ್ದರು. "ನಾಳೆ ತಿನ್ನೋಕಾ, ಇವತ್ತೇ ತಿನ್ನೋಕಾ ಮೇಡಂ?" ಎಂದು ಕೇಳಿ ಬಟರ್ ಫ್ರೂಟನ್ನು ಹೆಬ್ಬೆರಳಲ್ಲಿ ಮೆಲ್ಲಗೆ ಒತ್ತಿ ಆರಿಸಿಕೊಟ್ಟರು. ನನ್ನೊಡನೆ ಕನ್ನಡ, ಪಕ್ಕದ ಗಿರಾಕಿಯೊಡನೆ ತಮಿಳು, ಕೆಲಸದ ಹುಡುಗನೊಡನೆ ದಖನಿ. ಶಿವಾಜಿನಗರದಲ್ಲಿ ಇದು ಯಾರಿಗೂ ಸಾಹಸವಲ್ಲ.

2012ರ ಫೆಬ್ರವರಿಯಲ್ಲಿ ಬೆಳಗಿನ ಜಾವ ಬೆಂಕಿ ಬಿದ್ದು ನೂರಕ್ಕೂ ಹೆಚ್ಚು ಮಳಿಗೆ ಸುಟ್ಟವು. ವ್ಯಾಪಾರಿಗಳು ಪರಿಹಾರಕ್ಕೆ ಕಾದು ಕೂರಲಿಲ್ಲ. ಕೈಯಿಂದಲೇ ಹಣ ಹಾಕಿ ಮಳಿಗೆಗಳನ್ನು ಎಬ್ಬಿಸಿ ನಿಲ್ಲಿಸಿದರು. ಈ ಕಟ್ಟಡವನ್ನು ಪಾರಂಪರಿಕವೆಂದು ಕರೆಯುವಾಗ ಗಾರೆ, ಕಮಾನುಗಳ ಜೊತೆಗೆ ಇವರನ್ನೂ ಎಣಿಸಬೇಕು ಎಂದು ನನಗೆ ಬಲವಾಗಿ ಅನಿಸುತ್ತದೆ. ಮುಂಭಾಗಕ್ಕೆ ಬಣ್ಣ ಬಳಿದು ಒಳಗಿನ ವೈರಿಂಗ್, ಚರಂಡಿ, ಶೌಚಾಲಯ ಮರೆತರೆ ಅದು ಜೀರ್ಣೋದ್ಧಾರವಾಗದು.

ಮೀನು, ಮಾಂಸ ಬೇಕಾದವರು ಬೆಳಿಗ್ಗೆ ಬೇಗ ಬರಲಿ. ಜನಜಂಗುಳಿಯನ್ನೇ ನೋಡಬೇಕೆನ್ನುವವರಿಗೆ ರಂಜಾನಿನ ಸಂಜೆ, ಇಲ್ಲವೇ ಸೆಪ್ಟೆಂಬರ್ 8ರ ಮೇರಿಯಮ್ಮನ ಹಬ್ಬ. ಹಬ್ಬದ ದಿನ ಮಾತ್ರ ಗಾಡಿ ತರಬೇಡಿ, ತೇರಿಗೇ ಜಾಗ ಸಾಲದು.