ಕಾಪು ದೀಪದ ಕೆಳಗೆ ನಮ್ಮ ‘ಹೀರೋ’

ಹಾಡು ಬಂತೆಂದರೆ ಸಾಕು, ಸಿನಿಮಾ ಹೀರೋ ಸ್ವಿಟ್ಜರ್ಲೆಂಡಿನಲ್ಲಿರುತ್ತಾನೆ! ಬೆನ್ನಿಗೊಂದು ಬ್ಯಾಗು, ಜೊತೆಗೆ ಗೆಳೆಯರ ದಂಡು, ಕಲ್ಲು ಹಾಸಿದ ಬೀದಿ, ಹಿಂದೆ ಹಿಮದ ಬೆಟ್ಟ... ಗಾಂಧಿ ಕ್ಲಾಸಿನಲ್ಲಿ ಕೂತು ಶಿಳ್ಳೆ ಹೊಡೆದು ಆಚೆ ಬಂದ ಮೇಲೆ ಜೇಬು ತಡಕಿದರೆ ಸಿಕ್ಕುವುದೆಷ್ಟು? ನಮ್ಮ ಮೂವರ ಜೇಬೂ ಸೇರಿ ಆಗುಂಬೆ ಘಾಟಿ ಇಳಿಯುವಷ್ಟು!

ಸರಿ, ಇಳಿದೇ ಬಿಟ್ಟೆವು. ಸಿನಿಮಾ ಪತ್ರಿಕೆಯಲ್ಲಿ ಪ್ರವಾಸದ ಕಥೆ ಏಕೆ ಎಂದು ಹುಬ್ಬೇರಿಸಬೇಡಿ ಸ್ವಾಮೀ. ಇದರಲ್ಲಿ ಹೀರೋ ಇದ್ದಾನೆ, ಸಸ್ಪೆನ್ಸ್ ಇದೆ, ಕ್ಲೈಮ್ಯಾಕ್ಸೂ ಇದೆ. ಹೀರೋಯಿನ್ ಮಾತ್ರ ಇಲ್ಲ!

ಪಾತ್ರವರ್ಗ ಹೀಗಿದೆ. ಒಬ್ಬ ‘ಹೀರೋ’. ಕಾಲೇಜಿನ ನಾಟಕದಲ್ಲಿ ಒಮ್ಮೆ ಕತ್ತಿ ಹಿಡಿದ ದಿನದಿಂದ ಅವನಿಗೆ ಅದೇ ಹೆಸರು. ಇನ್ನೊಬ್ಬ ‘ಕ್ಯಾಮೆರಾ’. ಸಾಲ ಮಾಡಿ ಒಳ್ಳೆ ಫೋನ್ ಕೊಂಡವನು. ಮೂರನೆಯವ ನಾನು, ಲೆಕ್ಕ ಬರೆಯುವ ಪ್ರೊಡಕ್ಷನ್ ಮ್ಯಾನೇಜರ್. ಮೂವರೂ ತೀರ್ಥಹಳ್ಳಿ ಕಡೆಯವರು. ಒಂದು ದಿನದಲ್ಲಿ ಉಡುಪಿ, ಮಣಿಪಾಲ, ಕಾರ್ಕಳ, ಕಾಪು ಸುತ್ತಿ, ರಾತ್ರಿ ಉಡುಪಿಯ ನನ್ನ ಚಿಕ್ಕಮ್ಮನ ಮನೆಯಲ್ಲಿ ಮಲಗುವುದು ಎಂದು ತೀರ್ಮಾನ.

ಒಂದು ಮಾತು ಮಾತ್ರ ಮೊದಲೇ ಹೇಳಿಬಿಡುತ್ತೇನೆ. ನಮ್ಮಿಬ್ಬರ ಬ್ಯಾಗಿನಲ್ಲಿ ಒಂದು ಟವೆಲ್ಲು, ಒಂದು ಅಂಗಿ. ಹೀರೋನ ಬ್ಯಾಗು ಮಾತ್ರ ಭಾರ, ಬಲು ಭಾರ!

ಪಾಳಿ ಯಾವಾಗ?

ಬೆಳಗಿನ ಬಸ್ಸು ಆಗುಂಬೆಯ ತಿರುವುಗಳನ್ನು ಇಳಿದು, ಹೆಬ್ರಿ, ಹಿರಿಯಡ್ಕ ದಾಟಿ ಉಡುಪಿ ಮುಟ್ಟಿತು. ಮೈ ತುಂಬಾ ಬೆವರು. ಇದು ಮಲೆನಾಡಲ್ಲ ಮಾರಾಯ್ರೇ, ಕರಾವಳಿ!

ಅಂಗಿ ಕಳಚಿ ಕೃಷ್ಣಮಠದ ಒಳಗೆ ಹೋದೆವು. ನವಗ್ರಹ ಕಿಂಡಿಯ ಒಂಬತ್ತು ತೂತುಗಳಲ್ಲಿ ಇಣುಕಿದರೆ ಒಳಗೆ ಕಡಗೋಲು ಹಿಡಿದ ಕೃಷ್ಣ. ಹೊರಗೆ ಬಂದರೆ ಕನಕದಾಸರ ಹೆಸರು ಹೊತ್ತ ಕಿಂಡಿ. ಮಠ ಹುಟ್ಟಿದ್ದು 13ನೇ ಶತಮಾನದಲ್ಲಿ, ಮಧ್ವಾಚಾರ್ಯರಿಂದ. ಎಂಟು ಮಠಗಳಿಗೂ ಎರಡೆರಡು ವರ್ಷ ಪೂಜೆಯ ಸರದಿ. ಅದೇ ಪರ್ಯಾಯ. ಒಂದು ಮಠಕ್ಕೆ ಮತ್ತೆ ಸರದಿ ಬರಬೇಕಾದರೆ 16 ವರ್ಷ!

ರಥಬೀದಿಯ ಮಿತ್ರ ಸಮಾಜದಲ್ಲಿ ಗೋಳಿಬಜೆ, ಬನ್ಸ್ ತಿನ್ನುತ್ತಾ ಇದನ್ನೇ ಹೇಳುತ್ತಿದ್ದೆ. ಹೀರೋ ಕಾಫಿ ಲೋಟ ಕೆಳಗಿಟ್ಟ.

‘ಮಠಕ್ಕಾದ್ರೆ 16 ವರ್ಷಕ್ಕೆ ಪಾಳಿ ಅಂತ ಗೊತ್ತಿರುತ್ತೆ. ನನ್ನ ಪಾಳಿ ಯಾವಾಗ ಹೇಳು?’

ಕ್ಯಾಮೆರಾ ನಕ್ಕುಬಿಟ್ಟ. ನಾನೂ ನಕ್ಕೆ. ಹೀರೋ ನಗಲಿಲ್ಲ.

ಸೆಟ್ಟಲ್ಲ, ನಿಜವಾದ ಮನೆ!

ಮಣಿಪಾಲಕ್ಕೆ ಐದೇ ಕಿಲೋಮೀಟರ್. ಒಂದು ಕಾಲಕ್ಕೆ ಬೋಳು ಗುಡ್ಡ. ಮಣ್ಣಪಳ್ಳ ಎಂಬ ಕೆರೆಯಿಂದ ಊರಿಗೆ ಹೆಸರು ಬಂತಂತೆ. ಅಂಥ ಗುಡ್ಡದ ಮೇಲೆ ಡಾ. ಟಿ.ಎಂ.ಎ. ಪೈಯವರು 1953ರಲ್ಲಿ ಕಸ್ತೂರ್ಬಾ ಮೆಡಿಕಲ್ ಕಾಲೇಜು ಕಟ್ಟಿದರು. ಈಗ ನೋಡಿ, ಜಗತ್ತಿನ ನಾನಾ ದೇಶದ ಹುಡುಗ ಹುಡುಗಿಯರು ಬ್ಯಾಗು ಬೆನ್ನಿಗೇರಿಸಿ ಓಡಾಡುತ್ತಾರೆ. ‘ಯುರೋಪಿಗೆ ನಾವು ಹೋಗೋದೇ ಬೇಡ ಕಣೋ, ಅವರೇ ಬಂದವ್ರೆ!’ ಎಂದ ಕ್ಯಾಮೆರಾ.

ಅಲ್ಲಿನ ಹಸ್ತಶಿಲ್ಪ ಹೆರಿಟೇಜ್ ವಿಲೇಜ್ ನೋಡದೆ ಬರಬೇಡಿ. ಕೆಡವಿ ಸೌದೆಗೆ ಹಾಕುತ್ತಿದ್ದ ಹಳೇ ಮನೆಗಳನ್ನು ವಿಜಯನಾಥ ಶೆಣೈ ಎಂಬ ಮಹಾನುಭಾವರು ತೊಲೆ, ಕಂಬ, ಬಾಗಿಲು ಸಮೇತ ಬಿಚ್ಚಿ ತಂದು ಮತ್ತೆ ನಿಲ್ಲಿಸಿದರು. ಅವರು 2017ರಲ್ಲಿ ತೀರಿಕೊಂಡರು, ಮನೆಗಳು ನಿಂತಿವೆ. ಕುಕನೂರಿನ ಕಮಲ ಮಹಲ್, ದಖ್ಖನಿ ನವಾಬರ ಮಹಲ್... ಒಂದು ಬಾಗಿಲು ದಾಟಿದರೆ ಒಂದು ಕಾಲ! ಹೀರೋ ಒಂದು ಕಂಬಕ್ಕೆ ಬೆರಳಿನಿಂದ ಕುಟ್ಟಿ ನೋಡಿದ. ‘ಪ್ಲೈವುಡ್ ಅಲ್ಲ ಕಣ್ರೋ, ಗಟ್ಟಿ ಮರ’ ಎಂದ. ಅಲ್ಲೂ ಬ್ಯಾಗನ್ನು ಕೆಳಗಿಡಲಿಲ್ಲ.

ಉರಿ ಬಂಡೆ, ಬ್ಯಾಗಿನ ಗುಟ್ಟು

‘ರೈಟ್ ಪೋಯಿ!’

ಈ ಕಡೆ ಕಂಡಕ್ಟರು ಸೀಟಿ ಊದಿ ಹೀಗೆ ಕೂಗಿದನೆಂದರೆ ಬಸ್ಸು ವಿಮಾನವಾಯಿತು ಎಂದೇ ಲೆಕ್ಕ. ಬಂದ ದಾರಿಯಲ್ಲೇ ಹಿರಿಯಡ್ಕದವರೆಗೆ ಹೋಗಿ, ಬೈಲೂರಿನ ಮೇಲೆ ಕಾರ್ಕಳ. ಇಳಿದಾಗ ನಡು ಮಧ್ಯಾಹ್ನ. ಇದು ಪ್ರೊಡಕ್ಷನ್ ಮ್ಯಾನೇಜರನ ತಪ್ಪು, ಒಪ್ಪಿಕೊಳ್ಳುತ್ತೇನೆ. ಗೊಮ್ಮಟ ಬೆಟ್ಟಕ್ಕೆ ಬೆಳಿಗ್ಗೆಯೇ ಹೋಗಬೇಕು. ಚಪ್ಪಲಿ ಬಿಟ್ಟು ಬಂಡೆಯ ಮೆಟ್ಟಿಲೇರಿದೆವು. ಅಂಗಾಲು ದೋಸೆಯ ಕಾವಲಿಯ ಮೇಲಿಟ್ಟ ಹಾಗೆ! ಮೂವರೂ ಹಾರುತ್ತಾ ಕುಣಿಯುತ್ತಾ ಹತ್ತಿದ್ದನ್ನು ಡ್ಯಾನ್ಸ್ ಮಾಸ್ಟರ್ ಯಾರಾದರೂ ನೋಡಿದ್ದರೆ ಅಲ್ಲೇ ಚಾನ್ಸ್ ಕೊಡುತ್ತಿದ್ದರು.

ಮೇಲೆ 42 ಅಡಿಯ ಬಾಹುಬಲಿ. ‘ಪ್ರಭಾಸ್ ಎಲ್ಲೋ?’ ಎಂದ ಕ್ಯಾಮೆರಾನ ಬೆನ್ನಿಗೊಂದು ಗುದ್ದು ಬಿತ್ತು. ವೀರಪಾಂಡ್ಯ ಭೈರರಸ 1432ರ ಫೆಬ್ರವರಿ 13ರಂದು ನಿಲ್ಲಿಸಿದ ಏಕಶಿಲಾ ಮೂರ್ತಿ. ಎದುರಿನ ದಿಬ್ಬದ ಮೇಲೆ 1586ರ ಚತುರ್ಮುಖ ಬಸದಿ. ಯಾವ ದಿಕ್ಕಿನಿಂದ ಹೋದರೂ ಒಂದೇ ಥರದ ಬಾಗಿಲು. ಕಲ್ಲಿನ ಕಸುಬು ಈ ಊರಿನ ರಕ್ತದಲ್ಲೇ ಇದೆ. ಧರ್ಮಸ್ಥಳದಲ್ಲಿರುವ 39 ಅಡಿಯ ಬಾಹುಬಲಿಯನ್ನು ಕಡೆದವರೂ ಕಾರ್ಕಳದ ರೆಂಜಾಳ ಗೋಪಾಲಕೃಷ್ಣ ಶೆಣೈಯವರೇ.

ಅಣ್ಣನನ್ನು ಗೆದ್ದ ಗಳಿಗೆಯಲ್ಲೇ ಎಲ್ಲವನ್ನೂ ಬಿಟ್ಟು ನಿಂತವನ ಮೂರ್ತಿ ಅದು. ಹೀರೋ ಬಹಳ ಹೊತ್ತು ಮೇಲೆ ನೋಡುತ್ತಿದ್ದ.

‘ಗೆದ್ದು ಬಿಡೋದು ದೊಡ್ಡದೇ. ನಾನಿನ್ನೂ ಕಣಕ್ಕೇ ಇಳಿದಿಲ್ಲವಲ್ಲೋ...’

ನನಗೆ ಬಾಯಾರಿಕೆ. ನೀರಿನ ಬಾಟಲಿಗೆಂದು ಅವನ ಬ್ಯಾಗಿಗೆ ಕೈ ಹಾಕಿದೆ. ಕೈಗೆ ಸಿಕ್ಕಿದ್ದು ಫೋಟೋ ಆಲ್ಬಮ್! ಸ್ಟುಡಿಯೋದಲ್ಲಿ ತೆಗೆಸಿದ ಭಂಗಿಗಳು. ನಗುವ ಹೀರೋ, ಗುರಾಯಿಸುವ ಹೀರೋ, ಅಳುವ ಹೀರೋ. ಅದರ ಕೆಳಗೆ ಆರು ಜೊತೆ ಬಟ್ಟೆ, ಮಾರ್ಕ್ಸ್ ಕಾರ್ಡು, ಒಂದು ಲಕೋಟೆ.

ಲಕೋಟೆಯಲ್ಲಿದ್ದದ್ದು ಕೊನೆಯ ವರ್ಷದ ಫೀಸು. ಅಡಿಕೆ ಮಾರಿ ಅವನಪ್ಪ ಕೊಟ್ಟ ದುಡ್ಡು.

‘ಕಾಪುವಿನಿಂದ ನಾನು ವಾಪಸ್ ಬರಲ್ಲ. ಮಂಗಳೂರಿಗೆ ಹೋಗಿ ರಾತ್ರಿ ಬಸ್ ಹಿಡೀತೀನಿ, ಬೆಂಗಳೂರಿಗೆ. ಗಾಂಧಿನಗರ. ನೀನು ಅಪ್ಪನಿಗೆ ಫೋನ್ ಮಾಡಿ, ನಾಲ್ಕು ದಿನ ನಿಮ್ಮ ಚಿಕ್ಕಮ್ಮನ ಮನೇಲಿ ಇದ್ದೀನಿ ಅಂದುಬಿಡು. ಅಷ್ಟೇ ಸಹಾಯ.’

ಅಂಗಾಲಿನ ಉರಿ ಮರೆತುಹೋಯಿತು ನನಗೆ.

ನಿಟ್ಟೆಯ ದಾರಿಯಲ್ಲಿ

ಕಾರ್ಕಳದಿಂದ ಪಡುಬಿದ್ರಿಗೆ ಹೋಗುವ ಬಸ್ಸಿನಲ್ಲಿ ಮೂವರೂ ಮಾತಿಲ್ಲ. ನಿಟ್ಟೆ ಬಂತು. ಕ್ಯಾಮೆರಾ ಕಿಟಕಿಯಾಚೆ ಕೈ ತೋರಿಸಿದ.

‘ರಕ್ಷಿತ್ ಶೆಟ್ರು ಇಂಜಿನಿಯರಿಂಗ್ ಓದಿದ್ದು ಇಲ್ಲೇ ಕಣೋ.’

ನಿಜ. ಉಡುಪಿಯ ಈ ಹುಡುಗ ಓದಿ, ಕೆಲಸ ಮಾಡಿ, ಆಮೇಲೆ ಸಿನಿಮಾಕ್ಕೆ ಬಂದವರು. ಮಲ್ಪೆಯ ಕಥೆ ಹೇಳಿದ ಅವರ ‘ಉಳಿದವರು ಕಂಡಂತೆ’ 2014ರಲ್ಲಿ ತೆರೆ ಕಂಡಾಗ ಗಲ್ಲಾಪೆಟ್ಟಿಗೆ ತುಂಬಲಿಲ್ಲ. ಇವತ್ತು ನಾವೆಲ್ಲ ಅದನ್ನು ತಲೆಯ ಮೇಲೆ ಹೊತ್ತು ತಿರುಗುತ್ತೇವೆ! ಇದೇ ಜಿಲ್ಲೆಯ ಕೆರಾಡಿಯ ರಿಷಬ್ ಶೆಟ್ಟಿಯವರು ನೀರಿನ ಕ್ಯಾನ್ ಮಾರಿದ್ದನ್ನು ತಾವೇ ಹೇಳಿಕೊಂಡಿದ್ದಾರೆ. ‘ಕಾಂತಾರ’ ಬಂದದ್ದು 2022ರಲ್ಲಿ. ಇನ್ನೂ ಹಿಂದೆ ಹೋದರೆ, ಕೋಟದ ಶಿವರಾಮ ಕಾರಂತರ ‘ಚೋಮನ ದುಡಿ’ 1975ರಲ್ಲಿ ಚಿತ್ರವಾಗಿ, ಚೋಮನಾದ ಎಂ.ವಿ. ವಾಸುದೇವರಾಯರಿಗೆ ರಾಷ್ಟ್ರಪ್ರಶಸ್ತಿ ಬಂತು. ಈ ಮಣ್ಣಿಗೆ ಬಣ್ಣ ಹೊಸದಲ್ಲ.

‘ಅವರು ಕ್ಯಾನ್ ಹೊತ್ತರು. ನೀನು ಅಪ್ಪನ ಲಕೋಟೆ ಹೊತ್ತಿದ್ದೀಯ’ ಎಂದುಬಿಟ್ಟೆ.

ಹೀರೋ ಮುಖ ತಿರುಗಿಸಿಕೊಂಡ. ಹೇಳಬಾರದಿತ್ತೋ ಏನೋ. ಸುಳ್ಳು ಹೇಳಲು ನನ್ನಿಂದ ಆಗುತ್ತಿರಲಿಲ್ಲ. ಸ್ನೇಹ ಬಿಡಲೂ ಆಗುತ್ತಿರಲಿಲ್ಲ.

ಕ್ಲೈಮ್ಯಾಕ್ಸ್

ಪಡುಬಿದ್ರಿಯಲ್ಲಿ ಬಸ್ಸು ಬದಲಿಸಿದರೆ ಕಾಪು, ಮೂರು ಮಾರಿಗುಡಿಗಳ ಊರು. ಹೆದ್ದಾರಿಯಲ್ಲಿ ಇಳಿದು ಸಮುದ್ರದ ಕಡೆ ನಡೆದೆವು. ತೆಂಗಿನ ಸಾಲು ಮುಗಿದಲ್ಲಿ ಕರಿ ಬಂಡೆ, ಬಂಡೆಯ ಮೇಲೆ ದೀಪಸ್ತಂಭ. ಕಟ್ಟಿದ್ದು 1901ರಲ್ಲಿ, ಎತ್ತರ ಸುಮಾರು 27 ಮೀಟರ್. ಸಂಜೆ ಟಿಕೆಟ್ ಕೊಂಡು ಸುತ್ತು ಮೆಟ್ಟಿಲೇರಿದರೆ... ಅಬ್ಬಾ! ಒಂದು ಕಡೆ ಮುಗಿಯದ ನೀರು, ಇನ್ನೊಂದು ಕಡೆ ಮುಗಿಯದ ತೆಂಗು. ಯಾವ ಸ್ವಿಟ್ಜರ್ಲೆಂಡು ಸ್ವಾಮೀ!

ಕ್ಯಾಮೆರಾ ಫೋನ್ ಎತ್ತಿದ. ‘ಹೀರೋ, ಒಂದು ಪೋಸ್ ಕೊಡು.’

ಹೀರೋ ಕೊಡಲಿಲ್ಲ. ಕೆಳಗಿಳಿದು, ಬಂಡೆಯ ತುದಿಯಲ್ಲಿ ಒಬ್ಬನೇ ಕೂತ. ಮೀನಿನ ಬಲೆ ಮಡಚುತ್ತಿದ್ದ ಅಜ್ಜ ಒಬ್ಬರು ನಮ್ಮನ್ನು ನೋಡಿ, ‘ಎಂತ, ಶೂಟಿಂಗ್ ಉಂಟಾ?’ ಎಂದರು. ‘ಇಲ್ಲ ಅಜ್ಜ’ ಎಂದೆ. ‘ಕತ್ತಲಾಯ್ತು, ಬಂಡೆ ಜಾರ್ತದೆ. ಅವನನ್ನು ಕರೀರಿ’ ಎಂದು ಬಲೆ ಹೆಗಲಿಗೇರಿಸಿ ಹೊರಟರು.

ಕರೆಯಲು ಹೋದರೆ ಹೀರೋ ಫೋನಿನಲ್ಲಿದ್ದ. ಅಲೆಯ ಸದ್ದಿನಲ್ಲಿ ನಮಗೆ ಕೇಳಿದ್ದು ‘ಹೂಂ ಅಪ್ಪಾ... ಹೂಂ... ಇಲ್ಲ ಅಪ್ಪಾ’ ಇಷ್ಟೇ. ಬಂದವನ ಕಣ್ಣು ಕೆಂಪಗಿತ್ತು.

‘ಎಲ್ಲಾ ಹೇಳಿದೆ ಕಣೋ. ಬಯ್ಯಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ರು. ಆಮೇಲೆ, ಊಟ ಆಯ್ತಾ ಅಂದ್ರು.’

ಅಷ್ಟು ಹೊತ್ತಿಗೆ ದೀಪ ಹತ್ತಿತ್ತು. ಬೆಳಕಿನ ಕೋಲು ಕಡಲ ಮೇಲೆ ಸುತ್ತಿ ಹೋಯಿತು.

ಹೆದ್ದಾರಿಗೆ ಬಂದು ನಿಂತೆವು. ಆಚೆ ಬದಿಗೆ ಮಂಗಳೂರಿನ ಬಸ್ಸು ಬಂತು. ಕಂಡಕ್ಟರ್ ಊರಿನ ಹೆಸರು ಕೂಗಿದ. ಹೀರೋ ಅದನ್ನೇ ನೋಡಿದ. ನಾನು ಅವನನ್ನು ನೋಡಿದೆ. ಸೀಟಿ ಊದಿತು, ಬಸ್ಸು ಹೋಯಿತು. ಆಮೇಲೆ ಬಂದ ಉಡುಪಿ ಬಸ್ಸಿಗೆ ಮೊದಲು ಹತ್ತಿದವನು ಅವನೇ. ಲಕೋಟೆಯನ್ನು ನನ್ನ ಕೈಗಿಟ್ಟು, ‘ಸೋಮವಾರ ನೀನೇ ಕಟ್ಟು, ನನ್ನ ಮೇಲೆ ನನಗೇ ನಂಬಿಕೆ ಇಲ್ಲ’ ಎಂದ.

ಕಟ್ಟಿದೆ. ರಶೀದಿ ಅವನಲ್ಲಿದೆ. ಆಲ್ಬಮ್ಮೂ ಅವನಲ್ಲೇ ಇದೆ, ಅದನ್ನು ಯಾರೂ ಕಿತ್ತುಕೊಂಡಿಲ್ಲ. ಪರೀಕ್ಷೆ ಮುಗಿದ ಮರುದಿನ ಬೆಂಗಳೂರಿಗೆ ಹೊರಡುತ್ತಾನಂತೆ, ಈ ಸಲ ಅಪ್ಪನಿಗೆ ಹೇಳಿ.

ಆವತ್ತು ಕ್ಯಾಮೆರಾ ತೆಗೆದ ಫೋಟೋಗಳಲ್ಲಿ ಚೆನ್ನಾಗಿ ಬಂದಿರುವುದು ಒಂದೇ. ಬಂಡೆಯ ಮೇಲೆ ಬೆನ್ನು ಹಾಕಿ ಕೂತು ಫೋನು ಕಿವಿಗಿಟ್ಟುಕೊಂಡ ಹುಡುಗ, ಮೇಲೆ ದೀಪ. ಮುಖ ಕಾಣುವುದಿಲ್ಲ. ಆಲ್ಬಮ್ಮಿನ ಮೊದಲ ಪುಟದಲ್ಲಿ ಈಗ ಅದೇ ಇದೆ.